ಕಡವಿನ ಜಪ

ಜಪ ಮುರಿಯಬಾರದೆಂದು ಸುಮ್ಮನಿದ್ದೆನೋ, ಮೂರನೆಯ ಕೂಗಿಗೆ ಕಾದು ಸುಮ್ಮನಿದ್ದೆನೋ? ಎರಡರಲ್ಲಿ ಯಾವುದಾದರೊಂದು ನಿಶ್ಚಯವಾಗಿದ್ದರೆ ಅದನ್ನು ಹಿಡಿದುಕೊಂಡು ಹೇಗೋ ಬದುಕಬಹುದಿತ್ತು. ಆದರೆ ನೆನೆದ ಕೂಡಲೇ ಎರಡು ಕಾರಣಗಳೂ ಒಟ್ಟಿಗೆ, ಕೈಕಟ್ಟಿ ಬಂದು ನಿಲ್ಲುತ್ತಿದ್ದವು. ಅದಕ್ಕಾಗಿಯೇ ವೈಕುಂಠನಿಗೆ ಎರಡರ ಮೇಲೂ ನಂಬಿಕೆ ಹುಟ್ಟುತ್ತಿರಲಿಲ್ಲ.

ಅವನು ಮನೆಯ ಮುಂದಿನ ಹೊಳೆಯ ಮೆಟ್ಟಿಲ ಮೇಲೆ ಪಡುವಣಕ್ಕೆ ಮುಖಮಾಡಿ ಸಂಜೆಯ ಜಪಕ್ಕೆ ಕೂತಿದ್ದ. ಹೆಗಲ ವಸ್ತ್ರದ ಕೆಳಗೆ ಹೆಬ್ಬೆರಳು ಉಂಗುರಬೆರಳಿನ ನಡುಗೆಣ್ಣಿನಿಂದ ಹೊರಟು ಕಿರುಬೆರಳಿಗೆ ದಾಟಿ ಅಲ್ಲೇ ನಿಂತುಬಿಟ್ಟಿತ್ತು. ಬಲಗಡೆ ಹೊಳೆ. ಹೊಳೆಯಾಚೆ, ಹೆಮ್ಮಾಡಿಯ ದಿಕ್ಕಿನ ದಡದಲ್ಲಿ, ಉಪ್ಪುನೀರಿನ ಕಾಂಡ್ಲ ಗಿಡಗಳು ಕಪ್ಪಾಗುತ್ತಿದ್ದವು. ಮಾಘದ ಗಾಳಿ ಬಿದ್ದುಹೋಗಿತ್ತು. ಆ ಕಡೆಯಿಂದ, ಬಾಯಿಗೆ ಅಂಗೈ ಅಡ್ಡ ಹಿಡಿದು ಕರೆದ ಹಾಗೆ, ಕೂಗು ಬಂತು.

"ಹ್ವಾಯ್…"

ಕಣ್ಣು ತೆರೆದು ನೋಡಿದ. ಯಾರೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿತ್ತು. ಮತ್ತೆ ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಂತು. ಆಮೇಲೆ ನೀರು ಮೆಟ್ಟಿಲಿಗೆ ತಾಗುವ ಸದ್ದು ಮಾತ್ರ. ಮೂರನೆಯದು ಬರುವುದಿಲ್ಲ. ಹೋದ ಕಾರ್ತೀಕದ ಆ ಸಂಜೆಯೂ ಬಂದಿರಲಿಲ್ಲ.

ದೋಣಿ ದಾಟುವ ಕಡವಿನ ಈಚೆ ಬದುಕುವವರಿಗೆ ಕೂಗು ಹೊಸದಲ್ಲ. ಆಚೆ ದಡಕ್ಕೆ ಬಂದ ದಾರಿಹೋಕ ದೋಣಿಗಾಗಿ ಕೂಗಿದರೆ ಈಚೆಯಲ್ಲಿ ಕೇಳಿದವರು 'ಓ' ಎನ್ನಬೇಕು. ದೋಣಿಯ ದುಗ್ಗಪ್ಪನೇ ಅನ್ನಬೇಕೆಂದಿಲ್ಲ. 'ಓ' ಅಂದಮೇಲೆ ದೋಣಿ ಹೋಗಲೇಬೇಕು. ಉತ್ತರ ಸಿಕ್ಕವನು ಕಲ್ಲಿನ ಮೇಲೆ ಕೂತು ಕಾಯುತ್ತಾನೆ. ಸಿಗದವನು, ಇಳಿತದ ಹೊತ್ತಾದರೆ, ಬಟ್ಟೆ ಎತ್ತಿ ಕಟ್ಟಿ ಹೊಳೆಯೊಳಗಿನ ಮರಳ ಹೊಯ್ಗೆ ದಿಬ್ಬದ ಮೇಲೆ ನಡೆದೇ ದಾಟಲು ನೋಡುತ್ತಾನೆ. ದೀಪ ಹಚ್ಚಿದ ಮೇಲೆ ಮಾತ್ರ ಮೂರನೆಯ ಕೂಗಿನ ತನಕ ಈಚೆಯವರು ಬಾಯಿ ತೆರೆಯುವುದಿಲ್ಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಮನುಷ್ಯರಲ್ಲದ್ದಕ್ಕೆ ಮೂರನೆಯದಕ್ಕೆ ಉಸಿರು ಇರುವುದಿಲ್ಲ ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಮದ್ರಾಸಿನಲ್ಲಿ ಬಿ.ಎ. ಓದಿ ಬಂದ ವೈಕುಂಠ ಇದನ್ನೆಲ್ಲ ನಂಬುವವನಲ್ಲ. ಆದರೆ ಆ ಸಂಜೆ ದುಗ್ಗಪ್ಪ ಮಗಳ ಮನೆಗೆಂದು ಗಂಗೊಳ್ಳಿಗೆ ಹೋಗಿದ್ದ. ಮೆಟ್ಟಿಲ ಮೇಲೆ ಇದ್ದವನು ವೈಕುಂಠ ಒಬ್ಬನೇ. ಹಿಂದೆ ತುಳಸಿಕಟ್ಟೆಯಲ್ಲಿ ದೀಪ ಹಚ್ಚಿ ಆಗಿತ್ತೋ ಇಲ್ಲವೋ, ಅವನು ತಿರುಗಿ ನೋಡಿರಲಿಲ್ಲ.

ಅಣ್ಣ ರಾಜೀವ ಬೊಂಬಾಯಿಯ ಮಾಟುಂಗದ ಹೋಟೆಲೊಂದರಲ್ಲಿ ಅಡಿಗೆಗಿದ್ದ. ಅವನು ಒಲೆಯ ಮುಂದೆ ನಿಂತದ್ದರಿಂದಲೇ ತಮ್ಮ ಓದಿ ಕುಂದಾಪುರದ ಶಾಲೆಯಲ್ಲಿ ಮೇಷ್ಟರಾದದ್ದು. ಹಿಂದಿನ ಸಲ ಊರಿಗೆ ಬಂದಾಗ ಊಟದ ಎಲೆಯ ಮುಂದೆ ರಾಜೀವ, "ಮುಂದಿನ ಸಲ ಬಂದವ ಇವ್ಳನ್ನ ಕರ್ಕಂಡೇ ಹೋತೆ. ಖೋಲಿ ಸಿಕ್ಕಿತ್," ಎಂದಿದ್ದ. ಅತ್ತಿಗೆ ಸರಸ ನಗು ಅಡಗಿಸಿಕೊಂಡು ಒಳಗೆ ಹೋದಳು. ವೈಕುಂಠ ಕೈತೊಳೆದು ಬಹಳ ಹೊತ್ತು ಹೊಳೆಯ ಕಡೆ ನಿಂತಿದ್ದ.

ದೀಪಾವಳಿಗೆ ಬರುತ್ತೇನೆ ಎಂದಿದ್ದ ರಾಜೀವ ಬರಲಿಲ್ಲ. ಯುದ್ಧದ ಕಾಲ. ಆ ಹೋಟೆಲಿನ ಅಡಿಗೆಯವರನ್ನು ಮಿಲಿಟರಿ ಕ್ಯಾಂಟೀನಿಗೆಂದು ಆಸಾಮಿನ ಕಡೆಗೆ ಕರೆದೊಯ್ದರಂತೆ ಎಂಬ ಸುದ್ದಿ ಯಾರಿಂದಲೋ ಬಂತು. ಮನೆ ಅದನ್ನು ನಂಬಿತು. ಸರಸ ಕುಂಕುಮ ಇಟ್ಟುಕೊಂಡು, ದಿನವೂ ಸಂಜೆ ದೀಪ ಹಚ್ಚಿ, ಗಂಡ ಆಸಾಮಿನಲ್ಲಿದ್ದಾನೆಂದು ಬದುಕುತ್ತಿದ್ದಳು. ಕೂಗಿನ ಮಾತನ್ನು ಬಾಯಿಬಿಟ್ಟರೆ ಆ ಕುಂಕುಮ ಹೋಗುತ್ತಿತ್ತು. ಬಿಡದಿದ್ದುದರಿಂದ ವೈಕುಂಠನ ಜಪ ಹೋಯಿತು. ಕಿರುಬೆರಳಿಗೆ ಬಂದಾಗಲೆಲ್ಲ ಆಚೆ ದಡದಿಂದ ಕೂಗು. ಎರಡು ಸಲ.

"ಎಂತ ಮಾಣಿ, ಜಪದ ಮಧ್ಯ ಎದ್ದ್ ಬಪ್ಪುದ್? ಹೊಟ್ಟಿ ಸಮ ಇಲ್ಯಾ?" ಎಂದರು ದೊಡ್ಡಪ್ಪ ಹಿರಿಯಣ್ಣ ಐತಾಳರು. ಊರಿನ ನರಸಿಂಹನ ಪೂಜೆ ಅವರದು. ಕಣ್ಣು ಮಂಜಾಗುತ್ತ ಬಂದಿದ್ದರೂ ಮನೆಯಲ್ಲಿ ಅವರಿಗೆ ಕಾಣದ್ದು ಕಡಿಮೆ.

"ಮನಸ್ಸು ನಿಲ್ತಿಲ್ಲ ದೊಡ್ಡಪ್ಪಯ್ಯ."

"ನಿಂತ್ಕಂಬುಕೆ ಅದೆಂತ ಗೂಟಕ್ಕೆ ಕಟ್ಟಿದ್ ಕರುವಾ? ಮದ್ರಾಸಂಗೆ ಅಷ್ಟ್ ವರ್ಷ ಎಂತ ಕಲ್ಸ್ರ್ ನಿಂಗೆ?" ನಕ್ಕು, ಹತ್ತಿರ ಕೂರಿಸಿಕೊಂಡು ಹೇಳಿದರು: "ಎಣಿಸುದ್ ಎಲ್ಲರಿಗೂ ಹಿಡಿತಿಲ್ಲ. ಮಾನಸಪೂಜೆ ಮಾಡ್. ದೇವರನ್ನ ಮನಸ್ಸಂಗೇ ನಿಲ್ಸ್, ಮನಸ್ಸಂಗೇ ನೀರ್ ಎರಿ, ಗಂಧ ಹಚ್ಚ್. ಪಾದದಿಂದ ಶುರು ಮಾಡ್. ಮುಖಕ್ಕೆ ಅವಸರ ಮಾಡ್ಬೇಡ. ಅದ್ ತನ್ನಷ್ಟಕ್ಕೇ ಬತ್ತ್."

ವೈಕುಂಠ ಹೊಳೆಗೆ ಬೆನ್ನುಹಾಕಿ ದೇವರ ಕೋಣೆಯಲ್ಲಿ ಕೂತ. ಕರಿಯ ಕಲ್ಲಿನ ಎರಡು ಪಾದಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡ. ಹಿತ್ತಾಳೆಯ ಚೊಂಬಿನಿಂದ ನೀರೆರೆದ. ಒಂದೊಂದು ಬೆರಳನ್ನೂ ಒರೆಸಿದ. ಕೂಗು ಬರಲಿಲ್ಲ. ಕೆಲವು ದಿನ ಹೀಗೆ ಸುಖವಾಗಿ ಹೋಯಿತು. ಇನ್ನು ಮೊಣಕಾಲಿಗೆ ಏರಬಹುದು ಎಂದುಕೊಂಡ ದಿನ ಒಂದು ವಿಷಯ ಗಮನಕ್ಕೆ ಬಂತು. ಎಷ್ಟು ಒರೆಸಿದರೂ ಆ ಪಾದಗಳು ಒಣಗುತ್ತಿರಲಿಲ್ಲ. ಮೇಲಿನಿಂದ ಎಲ್ಲಿಂದಲೋ ನೀರು ಇಳಿಯುತ್ತಲೇ ಇತ್ತು. ಅವನು ಎರೆಯುವುದನ್ನು ನಿಲ್ಲಿಸಿದ ಮೇಲೂ ಇಳಿಯಿತು. ಬೆರಳುಗಳ ಸಂದಿಯಲ್ಲಿ ಹೊಳೆಯ ಬೂದು ಕೆಸರಿತ್ತು.

ಮೊಣಕಾಲಿನಿಂದ ಮೇಲೆ ಅವನು ನೋಡಲಿಲ್ಲ. ಎದ್ದು ಹೊರಗೆ ಬಂದ.

ಬೈಂದೂರಿನ ಸಮುದ್ರದಂಚಿನಲ್ಲಿ ಒಬ್ಬ ಸನ್ಯಾಸಿ ಇದ್ದಾರೆ, ಉಸಿರಿನ ಅಭ್ಯಾಸ ಹೇಳಿಕೊಡುತ್ತಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಬೇಸಗೆಯ ರಜೆಯಲ್ಲಿ ಹೊರಟ. ಹೊಳೆ ನಡುವೆ ದುಗ್ಗಪ್ಪ ಗಳ ಊರುತ್ತ, "ಇಲ್ಲ್ ಕಾಣಿ ಮಾಷ್ಟ್ರೆ, ಮೊದ್ಲ್ ಸೊಂಟದ್ ನೀರ್ ಇದ್ದಿತ್ತ್. ಹೋದ್ ಮಳ್ಗಾಲ ದಿಬ್ಬ ಪೂರ ಬಡಗ್ ದಿಕ್ಕಿಗೆ ಸರ್ದ್ ಹೋಯ್ತ್. ಈಗ ಗಳ ಮುಳುಗ್ತ್," ಎಂದ. ವೈಕುಂಠ ಗಳದ ಒದ್ದೆಯಾದ ಭಾಗವನ್ನು ನೋಡಿದ. ಅದು ಒಬ್ಬ ಮನುಷ್ಯನಿಗಿಂತ ಎತ್ತರಕ್ಕಿತ್ತು. ಹೆಮ್ಮಾಡಿಯಿಂದ ಇದ್ದಿಲಿನ ಬಸ್ಸು ಕೆಮ್ಮುತ್ತ, ಏರು ಬಂದಲ್ಲಿ ಜನರನ್ನು ಇಳಿಸಿ ನಡೆಸುತ್ತ, ಮಧ್ಯಾಹ್ನಕ್ಕೆ ಮುಟ್ಟಿತು.

ಸನ್ಯಾಸಿ ಹೆಚ್ಚು ಮಾತಿನವರಲ್ಲ. "ಉಸಿರು ಒಳಗೆ ಹೋಗುವುದನ್ನು ನೋಡು. ಹೊರಗೆ ಬರುವುದನ್ನು ನೋಡು. ನಡುವೆ ಒಂದು ಜಾಗ ಉಂಟು. ಅಲ್ಲಿ ಕೂತುಕೋ," ಎಂದರು. ವೈಕುಂಠ ಅವರ ಗುಡಿಸಲಿನ ಮರಳಿನಲ್ಲಿ ಕೂತ. ಒಳಗೆ, ಹೊರಗೆ. ನಡುವಿನ ಜಾಗ ಸಿಕ್ಕಿತು. ಅದು ಇಷ್ಟು ಸುಲಭವಾಗಿ ಸಿಗುತ್ತದೆಂದು ಅವನು ಎಣಿಸಿರಲಿಲ್ಲ. ಆ ಜಾಗದಲ್ಲಿ ಆಗಲೇ ಇನ್ನೊಂದು ಉಸಿರು ಇತ್ತು. ದೂರದಿಂದ ಬಿರಬಿರನೆ ನಡೆದು ಬಂದು, ಯಾರಿಗೋ ಕಾಯುತ್ತ ನಿಂತವನ ಉಸಿರು. ವೈಕುಂಠ ತನ್ನದನ್ನು ಹಿಡಿದ. ಅದೂ ಹಿಡಿಯಿತು. ಇವನಿಗೆ ತಡೆಯಲಾಗದೆ ಬಿಟ್ಟ. ಅದು ಬಿಡಲಿಲ್ಲ.

"ಹತ್ತಿರ ಯಾರೋ ಇದ್ದ ಹಾಗಾಗುತ್ತದೆ ಸ್ವಾಮಿ."

"ಯಾರು?"

"ಗೊತ್ತಿಲ್ಲ."

"ಯಾರೆಂದು ಗೊತ್ತಿಲ್ಲದವರು ಹೀಗೆ ಹೆದರುವುದಿಲ್ಲ," ಎಂದು ಹೇಳಿ ಸನ್ಯಾಸಿ ಎದ್ದು ಅಕ್ಕಿ ತೊಳೆಯಲು ಹೋದರು.

ಮಳೆ ಹಿಡಿಯುವ ಮೊದಲು ಅವನು ಬ್ರಹ್ಮಾವರಕ್ಕೂ ಹೋಗಿ ಬಂದ. ಅಲ್ಲಿ ನಿವೃತ್ತ ಹೆಡ್‌ಮಾಸ್ತರು ಗಣಪಯ್ಯ ಉಡುಪರು ತಮ್ಮ ಚಾವಡಿಯಲ್ಲಿ ದೀಪದ ಧ್ಯಾನ ಹೇಳಿಕೊಡುತ್ತಿದ್ದರು. "ಕಣ್ಣ್ ಮುಚ್ಚಿರೆ ಅಲ್ದಾ ನಿಮ್ಗೆ ಉಪದ್ರ? ಬಿಟ್ಕಂಡೇ ಮಾಡಿ! ದೀಪದ ಕುಡಿ ಕಾಣಿ. ರೆಪ್ಪೆ ಹೊಡೀಬೇಡಿ. ನೀರ್ ಬಂದ್ರೆ ಬರ್ಲಿ."

ಒಳಗಿನಿಂದ ಅವರ ಹೆಂಡತಿ ಸುಗುಣಮ್ಮ, "ಅವರ್ ಮಾತ್ ಕೇಂಬೇಡಿ ಮಾರಾಯ್ರೆ. ದೀಪದ್ ಮುಂದೆ ಕೂತ್ರೆ ಅವರಿಗೆ ನಿದ್ರಿ ಬತ್ತ್. ಮೊನ್ನೆ ಮೀಸೆ ಸುಟ್ಕಂಡ್ರ್. ಸೀಮೆಎಣ್ಣಿ ಸಿಕ್ಕದ್ ಕಾಲದಂಗೆ, ಹಗಲೊತ್ತಿಗ್ ದೀಪ!" ಎಂದರು.

"ಇದ್ ಹಳ್ಳೆಣ್ಣಿ! ಸೀಮೆಎಣ್ಣಿ ಅಲ್ಲ!" ಎಂದು ಮಾಸ್ತರು ಗೋಡೆಯ ಕಡೆ ಕೂಗಿದರು. ವೈಕುಂಠನಿಗೆ ಬಹಳ ದಿನಗಳ ಮೇಲೆ ನಗು ಬಂತು. ಕಿಟಕಿ ಬಾಗಿಲು ಎಲ್ಲ ಹಾಕಿದ್ದರು. ಕುಡಿ ನೆಟ್ಟಗೆ, ಕೆತ್ತಿ ನಿಲ್ಲಿಸಿದ ಹಾಗೆ ಉರಿಯುತ್ತಿತ್ತು. ಅದನ್ನೇ ನೋಡುತ್ತ ಚಾವಡಿ ಮರೆತುಹೋಯಿತು, ಮಾಸ್ತರು ಮರೆತುಹೋದರು. ಆಗ ಕುಡಿ, ಅವನ ಬಲಗಡೆಯಿಂದ ಯಾರೋ ಬಾಯಿ ತೆರೆದ ಹಾಗೆ, ಎಡಕ್ಕೆ ಬಾಗಿ ಎದ್ದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾಗಿತು. ಆಮೇಲೆ ನೆಟ್ಟಗಾಯಿತು. ಅಲ್ಲಿಂದ ಹೊಳೆ ಬಹಳ ದೂರ. ಸದ್ದು ಏನೂ ಆಗಿರಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ಮಳೆಗಾಲ ಪೂರ್ತಿ ಅವನು ಯಾವುದಕ್ಕೂ ಕೂರಲಿಲ್ಲ. ಮೆಟ್ಟಿಲುಗಳೆಲ್ಲ ನೀರೊಳಗಿದ್ದವು. ಯುದ್ಧ ಮುಗಿಯಿತೆಂದು ಶಾಲೆಯಲ್ಲಿ ಸಿಹಿ ಹಂಚಿದರು. ಅವನು ಅದನ್ನು ಬಾಳೆಲೆಯಲ್ಲಿ ಕಟ್ಟಿ ತಂದು ಸರಸಳಿಗೆ ಕೊಟ್ಟ. "ಹಾಂಗಾರೆ ಇನ್ ಆಸಾಮಿನವ್ರೆಲ್ಲ ಬಪ್ಪುಕಾಯ್ತ್," ಎಂದಳು ಅವಳು. ಅವಳ ಮುಖ ನೋಡಲಾಗದೆ ವೈಕುಂಠ ಕೊಡೆ ಬಿಡಿಸಿ ಒಣಗಲು ಇಟ್ಟ.

ಚೌತಿ ಕಳೆದು ನೀರು ಇಳಿದ ಮೇಲೆ ಒಂದು ಸಂಜೆ ಸರಸ ಮೆಟ್ಟಿಲಲ್ಲಿ ಹುಣಸೆಹಣ್ಣು ಹಚ್ಚಿ ದೀಪ ಉಜ್ಜುತ್ತಿದ್ದಳು. ಅವನು ಮನೆಯ ಜಗಲಿಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದವನಂತೆ ಸುತ್ತುತ್ತಿದ್ದ.

"ಬೈಂದೂರ್ ಆಯ್ತ್, ಬ್ರಹ್ಮಾವರ ಆಯ್ತ್. ಇನ್ ಕಾಶಿಯಾ ವೈಕುಂಠ?"

"ನಿಮ್ಗೆ ತಮಾಷೆ ಅತ್ತಿಗೆ."

"ತಮಾಷೆ ಅಲ್ದಪ್ಪಾ. ಒಬ್ಬೊಬ್ರಿಗ್ ಒಂದೊಂದ್ ಹಿಡಿತ್ತ್. ದೊಡ್ಡಪ್ಪಯ್ಯಂಗೆ ಪೂಜಿ. ನಂಗೆ ಈ ಮೆಟ್ಲ್."

"ಮೆಟ್ಲಂಗೆ ಎಂತ ಮಾಡ್ತ್ರಿ ನೀವ್?"

"ಎಂತ ಮಾಡುಕಿತ್ತ್? ದೀಪ ಇಟ್ಟ್ ಕೂಕಂತೆ. ಕೇಂತೆ." ಅವಳು ದೀಪವನ್ನು ನೀರಲ್ಲಿ ಅದ್ದಿ ತೆಗೆದಳು. "ಮೊದ್ಲ್ ಹತ್ರದ್ದ್ ಕೇಂತ್. ಮೆಟ್ಲಿಗೆ ನೀರ್ ಬಡುದ್. ಅದನ್ನ ಬಿಟ್ಟ್ಕಂಡ್ ದೂರ ಹೋಯ್ಕ್. ದುಗ್ಗಪ್ಪನ್ ನಾಯಿ. ಅದನ್ನೂ ಬಿಟ್ರೆ ಕಡಲ್, ಇವತ್ತ್ ತೆಂಕ್ ದಿಕ್ಕಂಗೆ ಕೂಗ್ತಿತ್ತ್ ಕಾಣ್. ಕಡಲ್ನೂ ಬಿಟ್ರೆ ಅದ್ರ್ ಹಿಂದೆ ಎಂತದೂ ಇಲ್ಲ. ಅಲ್ಲೀವರಿಗೆ ಹೋರೆ ಮನ್ಸ್ ಹಗುರ ಆತ್ತ್. ನಿಮ್ಮಣ್ಣ ಬಪ್ಪುದಾರೆ ಅಲ್ಲಿಂದ್ಲೇ ಬರ್ಕಲ್ದಾ, ಅದ್ಕೇ ಇರ್ಕ್." ಕೊನೆಯ ಮಾತಿಗೆ ತಾನೇ ನಕ್ಕಳು.

ಅವನು ಅವಳಿಗಿಂತ ಮೇಲಿನ ಮೆಟ್ಟಿಲಲ್ಲಿ, ಅಷ್ಟು ದೂರಕ್ಕೆ ಕೂತ. ಬೆರಳು ಎಣಿಸಲಿಲ್ಲ, ಉಸಿರು ನೋಡಲಿಲ್ಲ. ಹತ್ತಿರದ ಸದ್ದು ಬಿಟ್ಟು ದೂರದ್ದಕ್ಕೆ, ದೂರದ್ದು ಬಿಟ್ಟು ಇನ್ನೂ ದೂರಕ್ಕೆ ಹೋದ. ಕೂಗು ಬಂತು. ಅದು ಬರುವುದೆಂದು ಕಾದು ಕೂತದ್ದರಿಂದಲೋ ಏನೋ, ಎದೆ ಹಾರಲಿಲ್ಲ. ಮುಂದೆ ಕೂತ ಸರಸಳ ಹೆಗಲು ಅಲುಗಲಿಲ್ಲ. ಅವಳಿಗೆ ಅದು ಕೇಳಿರಲಿಲ್ಲ. ತನಗೆ ಹಿಡಿಯುವ ಧ್ಯಾನ ಇದೇ ಎಂದು ಅವನಿಗೆ ಗೊತ್ತಾಯಿತು. ಉಳಿದವೆಲ್ಲ ಕೂಗಿನಿಂದ ತಪ್ಪಿಸಿಕೊಳ್ಳುವ ದಾರಿಗಳಾಗಿದ್ದವು. ಇದರಲ್ಲಿ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಹೀಗೆ ಇಬ್ಬರೂ ಸಂಜೆಗಳನ್ನು ಕಳೆದರು. ದೊಡ್ಡಪ್ಪ ಜಗಲಿಯಿಂದ ನೋಡಿ, "ಮಾತೂ ಇಲ್ಲ, ಮಂತ್ರವೂ ಇಲ್ಲ. ಇದ್ ಯಾವ್ ಸೀಮಿ ಅನುಷ್ಠಾನನೋ," ಎಂದು ಗೊಣಗಿ ಒಳಗೆ ಹೋಗುತ್ತಿದ್ದರು. ಕಾರ್ತೀಕ ಮತ್ತೆ ಬಂತು.

ಆ ಸಂಜೆ ಹೊಳೆಯ ಮೇಲೆ ತೆಳ್ಳಗೆ ಮಂಜು ಬಿದ್ದಿತ್ತು. ಮೊದಲ ಕೂಗು ಬಂತು. ಎರಡನೆಯದು ಬಂತು. ವೈಕುಂಠ ಕಡಲಿನ ಕಡೆಗೆ ಕಿವಿ ತಿರುಗಿಸುತ್ತಿದ್ದ. ಆಗ ಮೂರನೆಯದು ಬಂತು.

ಮುಂದೆ ಸರಸ ಎದ್ದು ನಿಂತಿದ್ದಳು. ಬಾಯಿಗೆ ಕೈ ಹಿಡಿದು, "ಓ…" ಎಂದಳು. ತಿರುಗಿ ದುಗ್ಗಪ್ಪನ ಮನೆಯ ಕಡೆಗೆ, "ದುಗ್ಗಪ್ಪಾ! ಕಡವಂಗೆ ಜನ ಬಂದಿರ್!" ಎಂದು ಕರೆದಳು. ದುಗ್ಗಪ್ಪ ಮುಂಡಾಸು ಸುತ್ತಿಕೊಳ್ಳುತ್ತ ಬಂದು ದೋಣಿ ಬಿಟ್ಟ. ಮಂಜಿನಲ್ಲಿ ಗಳದ ಸದ್ದು ಹೋಯಿತು, ನಿಂತಿತು, ತಿರುಗಿ ಬರತೊಡಗಿತು. ದೋಣಿಯ ಮೂತಿಯಲ್ಲಿ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಗಂಡಸು ಕೂತದ್ದು ಕಂಡಿತು. ಮುಖ ಕಾಣುತ್ತಿರಲಿಲ್ಲ. ಸರಸ ಸೆರಗು ಸರಿಮಾಡಿಕೊಂಡಳು.

ಮೆಟ್ಟಿಲು ಹತ್ತಿ ಬಂದವನು ಅಪರಿಚಿತ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ದೋಣಿಯೊಳಗಿನ ನೀರು ತೋಕಿ ಹೊರಹಾಕುವ ಹಿತ್ತಾಳೆಯ ಡಬ್ಬಿ.

"ಹ್ವಾಯ್, ರಾಜೀವ ಐತಾಳ್ರ್ ಮನಿ ಇದೇ ಅಲ್ದಾ? ನಾನ್ ಪ್ರೇಮಾನಂದ, ಬೈಂದೂರಿನವ. ಬೊಂಬಾಯಂಗೆ ಒಂದೇ ಒಲಿ ಮುಂದೆ ಬೆಂದವ್ರ್ ನಾವಿಬ್ರ್." ಜೋರಾಗಿ ನಕ್ಕ. "ಎಲ್ಲಿದ್ದ ಅಂವ? ಕರೀನಿ ಒಂಚೂರ್. ಮರ್ಯಾದಿ ಬ್ಯಾಡ್ದಾ ಅವನಿಗೆ? ಟಿಫಿನ್ ಕ್ಯಾರಿಯರಿಗೆ ಕೈಯಾರೆ ತಾಮ್ರದ್ ತಂತಿ ಸುತ್ತಿ ರಿಪೇರಿ ಮಾಡ್ಕೊಟ್ಟದ್ ನಾನ್. ಅದ್ರ್ ಡಬ್ಬಿನ್ನ ದೋಣಿ ನೀರ್ ತೋಕುಕ್ ಕೊಡುದಾ?"

ಡಬ್ಬಿಯ ಕಿವಿಯಲ್ಲಿ ಹಸಿರುಗಟ್ಟಿದ ತಂತಿಯ ಸುತ್ತು ಇತ್ತು.

"ಅವ್ರ್ ಆಸಾಮಂಗೆ ಇದ್ರಲ್ದಾ?" ಎಂದಳು ಸರಸ. "ನಿಮ್ಮೊಟ್ಟಿಗೆ?"

"ಆಸಾಮಿಗೆ ಹೋದ್ದ್ ನಾನೊಬ್ನೇ ಅಕ್ಕಾ. ಹೋಪು ಮೊದ್ಲ್ ಊರ್ ಕಂಡ್ಕಂಡ್ ಬಪ್ಪ ಅಂದೇಳಿ ಇಬ್ರೂ ಒಟ್ಟಿಗೇ ಬಂದಿತ್ತ್, ಹೋದ್ ಕಾರ್ತೀಕದಂಗೆ. ನಾನ್ ಬೈಂದೂರಂಗೆ ಇಳ್ದೆ. ಇವತ್ತಿಗ್ ಇಲ್ಲೇ ನಿಲ್ಲ್ ಮಾರಾಯಾ ಅಂದ್ರೆ ಕೇಂಬುಕಿತ್ತಾ? ಹೆಂಡ್ತಿನ್ನ ಕರ್ಕಂಡ್ ಹೋಪುಕೆ ಬಂದದ್ದ್, ದೀಪ ಹಚ್ಚು ಮೊದ್ಲೇ ಹೊಳಿ ದಾಟ್ತೆ ಅಂದ. ಅದೇ ಬಸ್ಸಂಗೆ ಹೋದ…"

ಮಾತು ಮುಗಿಯುವ ಮೊದಲೇ ಅವನ ನಗು ನಿಂತಿತ್ತು. ಎದುರಿನ ಮುಖಗಳನ್ನು ಒಂದೊಂದಾಗಿ ನೋಡಿದ. ದುಗ್ಗಪ್ಪ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಚೌತಿ ಕಳ್ದ್ ಮೇಲೆ ಮೀನಿನ್ ಬಲಿಗೆ ಸಿಕ್ಕಿದ್ದ್ ಅದ್. ದಿಬ್ಬದ್ ಹತ್ರ. ಯಾರದ್ದೋ ಅಂದ್ಕಂಡೆ," ಎಂದ. ಆಮೇಲೆ, "ದಿಬ್ಬ ಸರ್ದದ್ದ್ ಊರಂಗಿದ್ದವ್ರಿಗ್ ಗೊತ್ತ್. ಬೊಂಬಾಯಂಗಿದ್ದವ್ರಿಗ್ ಹ್ಯಾಂಗ್ ಗೊತ್ತಾಯ್ಕ್?" ಎಂದ.

ಸರಸ ಡಬ್ಬಿಯನ್ನು ತೆಗೆದುಕೊಂಡು ಮೆಟ್ಟಿಲಿಳಿದಳು. ಹುಣಸೆಹಣ್ಣಿನ ಚರಟ ಅಲ್ಲೇ ಇತ್ತು. ದೀಪ ಉಜ್ಜಿದ ಹಾಗೆಯೇ ಅದನ್ನು ಉಜ್ಜತೊಡಗಿದಳು. ಕತ್ತಲಾದರೂ ಉಜ್ಜುತ್ತಲೇ ಇದ್ದಳು. ಯಾರಿಗೂ ಅವಳನ್ನು ಕರೆಯುವ ಧೈರ್ಯವಾಗಲಿಲ್ಲ.

ದೇಹ ಸಿಗದವರಿಗೆ ಮಾಡುವಂತೆ ಮುತ್ತುಗದ ಎಲೆಗಳಿಂದ ಒಂದು ಆಕಾರ ಕಟ್ಟಿ ಹೊಳೆಯ ದಡದಲ್ಲಿ ಸುಟ್ಟರು. ಬೆಂಕಿ ಇಟ್ಟವನು ವೈಕುಂಠ. ಎಲೆ ಹಸಿಯಿತ್ತು, ಹೊಗೆ ನೀರಿನ ಮೇಲೇ ಸರಿದು ಆಚೆ ದಡದ ಕಡೆಗೆ ಹೋಯಿತು. ಹತ್ತನೆಯ ದಿನದ ಹಿಂದಿನ ಸಂಜೆ ಹಿರಿಯಣ್ಣ ಐತಾಳರು ಯಾರ ಮುಖವನ್ನೂ ನೋಡದೆ, "ನಾಳೆಗೆ ಕ್ಷೌರದವನಿಗೆ ಹೇಳ್ಕಲೆ," ಎಂದರು. ಸರಸ ಗೋಡೆಗೆ ಒರಗಿ ಕೂತಿದ್ದಳು. ಅವಳ ಜಡೆ ನೆಲ ಮುಟ್ಟುತ್ತಿತ್ತು.

"ಬೇಡ," ಎಂದ ವೈಕುಂಠ.

"ಶಾಸ್ತ್ರ ಅಲ್ದಾ ಮಾಣಿ…"

"ಬೇಡ ಅಂದೆ ದೊಡ್ಡಪ್ಪಯ್ಯ!"

ಆ ಮನೆಯಲ್ಲಿ ಅವನ ದನಿ ಅಷ್ಟು ದೊಡ್ಡದಾಗಿ ಯಾರೂ ಕೇಳಿರಲಿಲ್ಲ. ಹೊಳೆಯಾಚೆಗೂ ಕೇಳಿರಬೇಕು. ಹಿರಿಯಣ್ಣ ಐತಾಳರು ಮಂಜುಗಣ್ಣಿನಿಂದ ಅವನನ್ನು ನೋಡಿ, ಎದ್ದು ಹೋದರು. ಕ್ಷೌರದವನಿಗೆ ಹೇಳಿಕಳುಹಿಸಲಿಲ್ಲ.

ಸರಸಳ ತಮ್ಮ ಸಾಸ್ತಾನದಿಂದ ಗಾಡಿ ತಂದ ದಿನ, ಹೊರಡುವ ಮೊದಲು ಅವಳು ಮೆಟ್ಟಿಲ ಹತ್ತಿರ ಬಂದಳು. ಹಣೆ ಬೋಳಾಗಿತ್ತು. ಅದನ್ನು ನೋಡದಿರಲು ವೈಕುಂಠ ನೀರನ್ನು ನೋಡಿದ.

"ಆ ದಿನ ನೀ ಇಲ್ಲೇ ಜಪಕ್ ಕೂತಿದ್ಯಲ್ದಾ?"

"ಹೌದ್."

"ಎಂತಾರೂ ಕೇಂತಾ ವೈಕುಂಠ?"

ಅವನು ಒಂದು ವರ್ಷ ಹೊತ್ತ ಮಾತನ್ನು ಹೇಳಿದ. "ಕೂಗಿದ್ ಕೇಂತ್. ಎರ್ಡ್ ಸಲ. ಮೂರನೇದಕ್ಕ್ ಕಾದೆ ಅತ್ತಿಗೆ. ಬರ್ಲಿಲ್ಲ."

ಅವಳು ಅಳಲಿಲ್ಲ. ಆಚೆ ದಡವನ್ನು ನೋಡುತ್ತ, ಲೆಕ್ಕ ಹಾಕುವವಳಂತೆ ನಿಂತಳು. "ಅಲ್ಲಿಂದ ಈ ಮೆಟ್ಲ್ ಕಾಂತ್. ನೀ ಜಪಕ್ ಕೂತದ್ದ್ ಕಂಡಿರ್ಕ್ ಅವ್ರಿಗೆ. ತಮ್ಮನ್ ಜಪ ಮುರೀಬಾರ್ದ್ ಅಂದೇಳಿ ಮೂರನೇದ್ ಕೂಗ್ಲಿಲ್ಲ ಕಾಂತ್."

ಗಾಳಿ ಕಾಂಡ್ಲ ಗಿಡಗಳಲ್ಲಿ ಹೊಕ್ಕು ಹೊರಟಿತು.

"ದೀಪ ಹಚ್ಚಿ ಆಯಿದಿತ್ತಾ ಆಗ?" ಎಂದಳು.

"ನಾನ್ ತಿರ್ಗಿ ಕಾಣ್ಲಿಲ್ಲ."

"ಆ ದಿನ ತಡ ಆಯಿತ್ತ್. ಬತ್ತಿ ಹೊಸಿತಾ ಕೂತಿದ್ದೆ." ಅವಳು ಇನ್ನೇನೋ ಕೇಳುವವಳಂತೆ ಅವನ ಕಡೆ ತಿರುಗಿದಳು. ನೋಡಿದಳು. ಕೇಳಲಿಲ್ಲ. ಗಾಡಿಯ ಎತ್ತುಗಳ ಗಂಟೆ ಅಲುಗಿತು. "ಉಂಡ್ಕಂಡ್ ಸರಿ ಇರ್," ಎಂದು ಹೇಳಿ ಮೆಟ್ಟಿಲು ಹತ್ತಿ ಹೋದಳು. ಹಿತ್ತಾಳೆಯ ಡಬ್ಬಿ ಅವಳ ಗಂಟಿನಲ್ಲಿ ಬಟ್ಟೆಯೊಳಗಿಂದ ಉಬ್ಬಿ ಕಾಣುತ್ತಿತ್ತು.

ಈಗ ಸಂಜೆಯಾದರೆ ವೈಕುಂಠ ಒಬ್ಬನೇ ಮೆಟ್ಟಿಲಲ್ಲಿ ದೀಪ ಇಟ್ಟು ಕೂರುತ್ತಾನೆ. ಹತ್ತಿರದ ಸದ್ದನ್ನು ಬಿಡುತ್ತಾನೆ, ದೂರದ್ದನ್ನು ಬಿಡುತ್ತಾನೆ, ಕಡಲನ್ನೂ ಬಿಡುತ್ತಾನೆ. ಮೊದಲ ಕೂಗು ಬಂದ ಕೂಡಲೇ, ಎರಡನೆಯದಕ್ಕೆ ಕಾಯದೆ, "ಓ…" ಎನ್ನುತ್ತಾನೆ.

"ನಂಗ್ ಎಂತದೂ ಕೇಂತಿಲ್ಲ ಮಾಷ್ಟ್ರೆ," ಎಂದು ದುಗ್ಗಪ್ಪ ಮೊದಮೊದಲು ಹೇಳುತ್ತಿದ್ದ. ಈಗ ಹೇಳುವುದಿಲ್ಲ. ಓ ಅಂದಮೇಲೆ ದೋಣಿ ಹೋಗಲೇಬೇಕು. ಅವನು ಗಳ ಊರುತ್ತ ಹೋಗಿ, ಆಚೆ ದಡದಲ್ಲಿ ಒಬ್ಬ ಮನುಷ್ಯ ಹತ್ತಿ ಕೂರುವಷ್ಟು ಹೊತ್ತು ನಿಂತು, ತಿರುಗಿ ಬರುತ್ತಾನೆ. ದೋಣಿ ಖಾಲಿ. ಹಿಂದಿನ ತುದಿಯಲ್ಲಿ ದುಗ್ಗಪ್ಪ ಒಬ್ಬನೇ ನಿಂತಿರುವಾಗ ಮೂತಿ ನೀರಿನಿಂದ ಮೇಲೆದ್ದಿರಬೇಕು. ಅದು ತಗ್ಗಿಕೊಂಡು, ನೀರನ್ನು ಸೀಳುತ್ತ ಬರುತ್ತದೆ. ಮೆಟ್ಟಿಲಿಗೆ ತಾಗಿದಾಗ ದುಗ್ಗಪ್ಪ ಮುಖವನ್ನು ಆಚೆಗೆ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ಮೂತಿ ಮೆಲ್ಲನೆ ಮೇಲೇಳುತ್ತದೆ. ವೈಕುಂಠ ದೀಪವನ್ನು ಕೊಂಚ ಪಕ್ಕಕ್ಕೆ ಸರಿಸಿ, ದಾರಿ ಬಿಟ್ಟು ಕೂರುತ್ತಾನೆ.

ಮೊದಲ ಕೂಗಿಗೇ ಆ ದನಿ ಯಾರದೆಂದು ತನಗೆ ಗೊತ್ತಾಗಿತ್ತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.